ಕುದುರೆ ಪೂರ್ತಿ ಬಲಿಯುವುದು ಯಾವ ವಯಸ್ಸಿಗೆ? ಎಳೆಯ ಕುದುರೆ ಸಾಕುವವರಿಗೊಂದು ಮಾರ್ಗದರ್ಶಿ

2 ವರ್ಷದ ಕುದುರೆ ನೋಡುವವರ ಕಣ್ಣಿಗೆ ದೊಡ್ಡದಾಗಿಯೇ ಕಾಣುತ್ತದೆ. ಎತ್ತರ ಬಹುಪಾಲು ಬಂದಿರುತ್ತದೆ, ಎದೆ ತುಂಬಿಕೊಳ್ಳುತ್ತಿರುತ್ತದೆ, ಬಯಲಿಗೆ ಬಿಟ್ಟರೆ ಹಿರಿಯ ಕುದುರೆಗಳನ್ನು ಹಿಂದೆ ಹಾಕುತ್ತದೆ. ಇನ್ನು ತಡಿ ಹಾಕಿ ಹತ್ತಬಹುದು ಎಂದು ಕೊಂಡವರಿಗೆ ಅನ್ನಿಸುವುದು ಸಹಜ. ಆದರೆ ಆ ವಯಸ್ಸಿನಲ್ಲಿ ಅದರ ಬಾಯಲ್ಲಿರುವುದು ಹಾಲುಹಲ್ಲು, ಮತ್ತು ಸವಾರನ ಭಾರವನ್ನು ನೇರವಾಗಿ ಹೊರಬೇಕಾದ ಬೆನ್ನುಮೂಳೆಯ ಬೆಳವಣಿಗೆ ಮುಗಿಯಲು ಇನ್ನೂ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಬೇಕು. ಹೆಚ್ಚಿನ ಕುದುರೆಗಳ ಅಸ್ಥಿಪಂಜರ ಪೂರ್ತಿ ಬಲಿಯುವುದು ಸುಮಾರು ಐದೂವರೆಯಿಂದ 6 ವರ್ಷಕ್ಕೆ. ಎತ್ತರದ, ಭಾರೀ ಮೈಕಟ್ಟಿನ ಕುದುರೆಗಳಲ್ಲಿ ಅದು 7–8 ವರ್ಷದವರೆಗೂ ಎಳೆಯಬಹುದು. ಮನಸ್ಸು ಸ್ಥಿಮಿತಕ್ಕೆ ಬರುವುದೂ ಬಹುತೇಕ ಇದೇ ಅವಧಿಯಲ್ಲಿ, ಆದರೆ ಅದು ವಯಸ್ಸಿಗಿಂತ ಸಾಕಿದ ರೀತಿಯನ್ನು ಹೆಚ್ಚು ಅವಲಂಬಿಸಿದೆ.

ಹಾಗೆಂದು 6 ವರ್ಷ ತುಂಬುವವರೆಗೆ ಕುದುರೆಯನ್ನು ಲಾಯದಲ್ಲಿ ಸುಮ್ಮನೆ ಕಟ್ಟಿಹಾಕಬೇಕೆಂದು ಇದರ ಅರ್ಥವಲ್ಲ. ಹಾಗೆ ಮಾಡಿದರೆ ಇನ್ನೂ ಹೆಚ್ಚಿನ ಹಾನಿ ಆಗುತ್ತದೆ. ಕುದುರೆಯ ದೇಹದ ಬೇರೆ ಬೇರೆ ಭಾಗಗಳು ಬೇರೆ ಬೇರೆ ವಯಸ್ಸಿಗೆ ಸಿದ್ಧವಾಗುವುದರಿಂದ, ಈಗ ಯಾವ ಭಾಗ ಯಾವ ಕೆಲಸ ತಾಳಬಲ್ಲದು ಎಂದು ತಿಳಿದು ಅದಕ್ಕೆ ತಕ್ಕ ಕೆಲಸ ಕೊಡುವುದೇ ಸಾಕುವವರು ಕಲಿಯಬೇಕಾದ ವಿದ್ಯೆ. ಅದನ್ನು ತಿಳಿಯುವ ಕ್ರಮವನ್ನು ಮುಂದೆ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ನಿಜವಾದ ವಯಸ್ಸು ತಿಳಿಯಿರಿ

ವಯಸ್ಸು ಖಚಿತವಾಗದೆ ಮುಂದಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ. ನಿಮ್ಮದು ವಂಶಾವಳಿ ದಾಖಲಿಸುವ ಸ್ಟಡ್ ಬುಕ್‌ನಲ್ಲಿ ದಾಖಲಾದ, ರೇಸಿಗೆ ಬೆಳೆಸುವ ಥರೋಬ್ರೆಡ್ ತಳಿಯದ್ದಾಗಿದ್ದರೆ ಹುಟ್ಟಿದ ದಿನಾಂಕ ಅದರ ಕಾಗದಪತ್ರಗಳಲ್ಲಿಯೇ ಸಿಗುತ್ತದೆ. ಆದರೂ ಒಂದು ವಿಷಯ ಗಮನದಲ್ಲಿರಲಿ: ಭಾರತವೂ ಸೇರಿದಂತೆ ಉತ್ತರ ಗೋಳಾರ್ಧದ ರೇಸಿಂಗ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಥರೋಬ್ರೆಡ್‌ನ ವಯಸ್ಸೂ ಜನವರಿ 1ರಂದು ಒಂದು ವರ್ಷ ಏರುತ್ತದೆ. ಮೇ ತಿಂಗಳಲ್ಲಿ ಹುಟ್ಟಿದ ಮರಿ ನಿಜವಾಗಿ 8 ತಿಂಗಳಿನದಾಗಿರುವಾಗಲೇ ದಾಖಲೆಯಲ್ಲಿ 1 ವರ್ಷದ್ದಾಗಿಬಿಡುತ್ತದೆ. ಆದ್ದರಿಂದ ಮಾರುವವರು 3 ವರ್ಷ ಎಂದು ಹೇಳಿದ ಕುದುರೆಗೆ ಎರಡೂವರೆ ವರ್ಷ ಕಳೆದು ಎರಡೇ ತಿಂಗಳಾಗಿರುವ ಸಾಧ್ಯತೆ ಇದೆ, ಮತ್ತು ಎಳೆಯ ಕುದುರೆಯ ಮಟ್ಟಿಗೆ ಆ ನಾಲ್ಕು ತಿಂಗಳು ಸಣ್ಣ ವ್ಯತ್ಯಾಸವಲ್ಲ.

ಪುಷ್ಕರ, ಸಾರಂಗಖೇಡದಂಥ ಜಾತ್ರೆಗಳಿಂದ ಬರುವ ಮಾರ್ವಾಡಿ, ಕಾಠಿಯಾವಾಡಿ ಕುದುರೆಗಳಲ್ಲಿ ಹಲವಕ್ಕೆ ಕಾಗದವೇ ಇರುವುದಿಲ್ಲ. ಆಗ ಬಾಯಿ ತೆರೆಸಿ ನೋಡುವುದೊಂದೇ ದಾರಿ. ಎತ್ತಿನ ವ್ಯಾಪಾರದಲ್ಲಿ ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು (ಶಾಶ್ವತ ಹಲ್ಲುಗಳೆಲ್ಲ ಬಂದದ್ದು) ಎಂದು ಎಣಿಸುವ ಕ್ರಮ ಇಲ್ಲಿಯೂ ನಡೆಯುತ್ತದೆ. ಎತ್ತಿಗೆ ಮೇಲಿನ ದವಡೆಯಲ್ಲಿ ಬಾಚಿಹಲ್ಲು ಇರುವುದಿಲ್ಲ, ಕುದುರೆಗೆ ಮೇಲೆ ಆರು, ಕೆಳಗೆ ಆರು ಇರುತ್ತವೆ ಎಂಬುದಷ್ಟೇ ವ್ಯತ್ಯಾಸ. ಹಾಲುಹಲ್ಲು ಚಿಕ್ಕದು, ಬಿಳುಪು, ಬುಡದಲ್ಲಿ ಸಣ್ಣಗಾದದ್ದು. ಶಾಶ್ವತ ಹಲ್ಲು ಅಗಲವಾದದ್ದು, ತುಸು ಹಳದಿ ಛಾಯೆಯದ್ದು. ನಡುವಿನ ಜೋಡಿ ಹಾಲುಹಲ್ಲುಗಳು ಬಿದ್ದು ಶಾಶ್ವತ ಹಲ್ಲು ಮೂಡುವುದು ಸುಮಾರು ಎರಡೂವರೆ ವರ್ಷಕ್ಕೆ, ಅವುಗಳ ಪಕ್ಕದ ಜೋಡಿ ಮೂರೂವರೆಗೆ, ಅಂಚಿನ ಜೋಡಿ ನಾಲ್ಕೂವರೆಗೆ. ಮೂಡಿದ ಹಲ್ಲು ಎದುರು ಹಲ್ಲಿಗೆ ತಾಗಿ ಸವೆಯಲು ತೊಡಗಲು ಇನ್ನಾರು ತಿಂಗಳು ಬೇಕಾಗುವುದರಿಂದ, 5 ವರ್ಷಕ್ಕೆ ಕುದುರೆ ಬಾಯಿಗೂಡುತ್ತದೆ. ಗಂಡುಗಳಲ್ಲಿ ಕೋರೆಹಲ್ಲು ಬರುವುದೂ 4ರಿಂದ 5 ವರ್ಷದ ನಡುವೆ. ಅಲ್ಲಿಂದ ಮುಂದೆ ಸವೆತ ನೋಡಿ ಹೇಳುವ ವಯಸ್ಸು ಅಂದಾಜು ಮಾತ್ರ. ಕುದುರೆ ಬೆಳೆದು ಮುಗಿದಿದೆಯೇ ಎಂಬ ನಮ್ಮ ಪ್ರಶ್ನೆಗೆ 5 ವರ್ಷದವರೆಗಿನ ಹಲ್ಲಿನ ಲೆಕ್ಕವೇ ಸಾಕು.

ಇಷ್ಟರಲ್ಲಿ ಇನ್ನೊಂದು ಉಪಯುಕ್ತ ಸಂಗತಿಯೂ ಸಿಗುತ್ತದೆ. ಎರಡೂವರೆಯಿಂದ 5 ವರ್ಷದೊಳಗೆ ಕುದುರೆಯ 24 ಹಾಲುಹಲ್ಲುಗಳು, ಅಂದರೆ 12 ಬಾಚಿಹಲ್ಲು ಮತ್ತು 12 ಮುಂದವಡೆಹಲ್ಲುಗಳು ಬಿದ್ದು ಹೊಸವು ಬರುತ್ತವೆ. ನಾವು ಬಾಯಿಗೆ ಕಡಿವಾಣ ಹಾಕಿ ಕಲಿಸಲು ಹೊರಡುವುದು ಸರಿಯಾಗಿ ಈ ಅವಧಿಯಲ್ಲಿಯೇ. ತಲೆ ಒದರುವ, ಬಾಯಿ ತೆರೆದುಕೊಳ್ಳುವ, ಒಂದೇ ಕಡೆ ತಿರುಗಲು ಒಪ್ಪದ ಎಳೆಯ ಕುದುರೆಯನ್ನು ಹಟಮಾರಿ ಎಂದು ಹೊಡೆಯುವ ಮೊದಲು ಪಶುವೈದ್ಯರಿಂದ ಹಲ್ಲು ಪರೀಕ್ಷೆ ಮಾಡಿಸಬೇಕು. ಕಡಿವಾಣ ಕೂರುವ ಜಾಗಕ್ಕೆ ಹತ್ತಿರದಲ್ಲಿ ಕೆಲವು ಕುದುರೆಗಳಿಗೆ ಸಣ್ಣ ಹೆಚ್ಚುವರಿ ಹಲ್ಲೊಂದು ಇರುತ್ತದೆ; ತೊಂದರೆ ಕೊಡುತ್ತಿದ್ದರೆ ಅದನ್ನು ಕೀಳಿಸಬಹುದು.

ಎರಡನೆಯ ಹೆಜ್ಜೆ: ಮೂಳೆ ಬಲಿಯುವ ಕ್ರಮ ತಿಳಿಯಿರಿ

ಎಳೆಯ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ತೆಳುವಾದ ಪದರವೊಂದಿದ್ದು, ಮೂಳೆ ಉದ್ದವಾಗುವುದು ಆ ಪದರದಿಂದಲೇ. ಬೆಳವಣಿಗೆ ಮುಗಿದಂತೆ ಪದರ ಗಟ್ಟಿ ಮೂಳೆಯಾಗಿ ಮಾರ್ಪಟ್ಟು ಮುಚ್ಚಿಹೋಗುತ್ತದೆ. ಮುಚ್ಚುವ ತನಕ ಅದು ಆ ಮೂಳೆಯ ದುರ್ಬಲ ಜಾಗ.

ಈ ಮುಚ್ಚುವಿಕೆ ಒಟ್ಟಾರೆ ನೆಲದಿಂದ ಮೇಲಕ್ಕೆ ಸಾಗುತ್ತದೆ. ಗೊರಸಿನೊಳಗಿನ ಮೂಳೆ ಮರಿ ಹುಟ್ಟುವಾಗಲೇ ಹೆಚ್ಚುಕಡಿಮೆ ಸಿದ್ಧವಾಗಿರುತ್ತದೆ. ಅದರ ಮೇಲಿನ ಸಣ್ಣ ಮೂಳೆಗಳು 1 ವರ್ಷದೊಳಗೆ, ಮಂಡಿಯ ಕೆಳಗಿನ ಉದ್ದ ಕಾಲುಮೂಳೆ ಹೆಚ್ಚೆಂದರೆ ಒಂದೂವರೆ ವರ್ಷದೊಳಗೆ ಮುಚ್ಚಿಕೊಳ್ಳುತ್ತವೆ. ಮುಂಗಾಲಿನ ಮಂಡಿಯ ಮೇಲ್ಭಾಗದ ಪದರ ಎರಡರಿಂದ ಎರಡೂವರೆ ವರ್ಷಕ್ಕೆ, ತೋಳು ಮತ್ತು ತೊಡೆಯ ಮೂಳೆಗಳು ಸುಮಾರು 3ರಿಂದ ಮೂರೂವರೆಗೆ, ಹೆಗಲಿನ ಹಲಗೆ ಮೂಳೆ ಮತ್ತು ಸೊಂಟದ ಮೂಳೆ 4 ವರ್ಷದ ಆಸುಪಾಸಿಗೆ ಬಲಿಯುತ್ತವೆ. ಎಲ್ಲಕ್ಕಿಂತ ಕೊನೆಯದು ಬೆನ್ನುಮೂಳೆ. ಅದರ ಪ್ರತಿಯೊಂದು ಮಣಿಗೂ ಹಿಂದೆ ಮುಂದೆ ತನ್ನದೇ ಬೆಳವಣಿಗೆಯ ಪದರಗಳಿದ್ದು, ಅವು ಪೂರ್ತಿ ಮುಚ್ಚಲು ಐದೂವರೆ ವರ್ಷವಾದರೂ ಬೇಕು. ಉದ್ದ ಕತ್ತಿನ, ಎತ್ತರದ ಗಂಡುಗಳಲ್ಲಿ ಇನ್ನೂ ತಡ.

ಮಾರುವವರು, ಕೆಲವೊಮ್ಮೆ ತರಬೇತುದಾರರೂ, ಎಕ್ಸ್-ರೇ ತೋರಿಸಿ ಮಂಡಿ ಮುಚ್ಚಿದೆ, ಹತ್ತಬಹುದು ಎನ್ನುವುದುಂಟು. ಮಂಡಿಯ ಎಕ್ಸ್-ರೇ ತೆಗೆಯುವುದು ಸುಲಭವಾದ್ದರಿಂದ ಆ ರೂಢಿ ಬೆಳೆದಿದೆ. ಅದು ಮಂಡಿಯಿಂದ ಕೆಳಗಿನ ಕಾಲಿನ ಕಥೆಯನ್ನು ಸರಿಯಾಗಿಯೇ ಹೇಳುತ್ತದೆ. ಆದರೆ ಸವಾರ ಕೂರುವುದು ಎದೆಯ ಭಾಗದ 18 ಬೆನ್ನುಮಣಿಗಳ ಸಾಲಿನ ಮೇಲೆ, ಮಂಡಿಯ ಮೇಲಲ್ಲ. ಮಂಡಿಯ ಚಿತ್ರವನ್ನು ಇಡೀ ಕುದುರೆಯ ಪ್ರಮಾಣಪತ್ರವೆಂದು ಒಪ್ಪಿಕೊಳ್ಳಬೇಡಿ.

ಸಣ್ಣ ತಳಿಗಳು ಬೇಗ ಬಲಿಯುತ್ತವೆ, ದೊಡ್ಡವು ತಡವಾಗಿ ಬಲಿಯುತ್ತವೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಮೈ ತುಂಬುವ, ಮಾಂಸಖಂಡ ಬಲಿಯುವ ವೇಗ ತಳಿಯಿಂದ ತಳಿಗೆ ಖಂಡಿತ ಬೇರೆಯಾಗುತ್ತದೆ. ಮೂಳೆ ಮುಚ್ಚುವ ಕ್ರಮ ಮಾತ್ರ ಎಲ್ಲ ತಳಿಗಳಲ್ಲೂ ಒಂದೇ. 2 ವರ್ಷಕ್ಕೇ ಗಟ್ಟಿಮುಟ್ಟಾಗಿ ಕಾಣುವ ಥರೋಬ್ರೆಡ್‌ನ ಮೈ ನೋಡಿ ಅದರ ಬೆನ್ನನ್ನು ಊಹಿಸುವುದು ತಪ್ಪಾಗುವುದು ಇದರಿಂದಲೇ. ಬೀಜ ತೆಗೆಸುವುದಕ್ಕೂ ಬೆಳವಣಿಗೆಗೂ ಸಂಬಂಧವಿದೆ. ಪ್ರಾಯಕ್ಕೆ ಬರುವ ಮೊದಲೇ ಬೀಜ ತೆಗೆಸಿದ ಗಂಡು, ಮೂಳೆಯ ಪದರ ಮುಚ್ಚಿಸುವ ಹಾರ್ಮೋನಿನ ಪ್ರಭಾವ ಕಡಿಮೆಯಾಗುವುದರಿಂದ, ಸ್ವಲ್ಪ ಹೆಚ್ಚು ಎತ್ತರ ಬೆಳೆಯುತ್ತದೆ.

ಮೂರನೆಯ ಹೆಜ್ಜೆ: ಅಳೆದು ಬರೆದಿಡಿ

ಕಣ್ಣಳತೆ ಎಳೆಯ ಕುದುರೆಯ ವಿಷಯದಲ್ಲಿ ಮೋಸ ಮಾಡುತ್ತದೆ. 1 ವರ್ಷದ ಮರಿ ತನ್ನ ಪೂರ್ಣ ಎತ್ತರದ ಸುಮಾರು ಶೇ. 90ರಷ್ಟನ್ನು ಮುಟ್ಟಿರುತ್ತದೆ, ತೂಕದಲ್ಲಿ ಮಾತ್ರ ಶೇ. 60ರಿಂದ 65ರಷ್ಟೇ. ಎತ್ತರ ಮೊದಲು, ಅಗಲ ಮತ್ತು ಗಾತ್ರ ನಂತರ. ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ತಿಂಗಳಿಗೊಮ್ಮೆ ಎರಡು ಕಡೆ ಎತ್ತರ ಅಳೆಯಿರಿ: ಕತ್ತು ಬೆನ್ನಿಗೆ ಸೇರುವಲ್ಲಿನ ಉಬ್ಬಿನ ಬಳಿ ಒಮ್ಮೆ, ಹಿಂಭಾಗದ ಅತಿ ಎತ್ತರದ ಜಾಗದಲ್ಲಿ ಇನ್ನೊಮ್ಮೆ. ಬೆಳೆಯುವ ಕುದುರೆಯ ಹಿಂಭಾಗ ಮುಂಭಾಗಕ್ಕಿಂತ ಎತ್ತರವಾಗಿ, ಮತ್ತೆ ಸಮವಾಗಿ, ಮತ್ತೆ ಎತ್ತರವಾಗಿ ಹೋಗುತ್ತಿರುತ್ತದೆ. ಹಿಂಭಾಗ ಎತ್ತರವಾಗಿರುವ ತಿಂಗಳುಗಳಲ್ಲಿ ತಡಿ ಮುಂದಕ್ಕೆ ಜಾರುತ್ತದೆ, ಕುದುರೆಯೂ ತನ್ನ ತೂಕ ನಿಭಾಯಿಸಲು ತಡವರಿಸುತ್ತದೆ. ಆ ದಿನಗಳಲ್ಲಿ ಸವಾರಿ ಕಲಿಕೆಗೆ ಬಿಡುವು ಕೊಡುವುದು ಒಳ್ಳೆಯದು.

ತೂಕದ ಯಂತ್ರ ಎಲ್ಲರ ಬಳಿ ಇರುವುದಿಲ್ಲ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಹೆಗಲಿನ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರ್‌ನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋಗ್ರಾಂನಲ್ಲಿ ತೂಕದ ಅಂದಾಜು ಸಿಗುತ್ತದೆ. ಸುತ್ತಳತೆ 170, ಉದ್ದ 155 ಇದ್ದರೆ ತೂಕ ಸುಮಾರು 377 ಕಿಲೋ. ಈ ಸೂತ್ರ ಬೆಳೆದ ಕುದುರೆಗಳದ್ದು. ಮರಿಗಳಿಗೆ ಅಷ್ಟು ಕರಾರುವಾಕ್ಕಾಗಿ ಹೊಂದುವುದಿಲ್ಲ, 3 ವರ್ಷ ದಾಟಿದ ಮೇಲೆ ನೆಚ್ಚಬಹುದು.

ಬೆಳೆದ ಕುದುರೆಗೆ ಸವಾರ ಮತ್ತು ತಡಿ ಎರಡೂ ಸೇರಿ ಅದರ ತೂಕದ ಶೇ. 20ನ್ನು ಮೀರಬಾರದೆಂಬುದು ವ್ಯಾಪಕವಾಗಿ ಪಾಲಿಸುವ ಮಿತಿ. ಎಳೆಯ ಕುದುರೆಗೆ ನಾನಾದರೆ ಶೇ. 15ರಲ್ಲಿಯೇ ನಿಲ್ಲುತ್ತೇನೆ. ಮೇಲಿನ 377 ಕಿಲೋ ಕುದುರೆಗೆ ಅದು 56 ಕಿಲೋ ಆಗುತ್ತದೆ. ತಡಿಯ ತೂಕ ಕಳೆದರೆ 50 ಕಿಲೋ ಆಸುಪಾಸಿನ ಸವಾರರು ಮಾತ್ರ ಹತ್ತಬಹುದು. ಮಾಲೀಕರು ಸ್ವತಃ 80 ಕಿಲೋ ಇದ್ದರೆ, ಕುದುರೆ ತಮ್ಮದೇ ಆದರೂ ಮೊದಲ ಸವಾರಿ ಬೇರೆಯವರಿಗೆ ಬಿಟ್ಟುಕೊಡಬೇಕಾಗುತ್ತದೆ. ಈ ಮಾತು ಹಲವರಿಗೆ ರುಚಿಸುವುದಿಲ್ಲ.

ನಾಲ್ಕನೆಯ ಹೆಜ್ಜೆ: ಬೆಳೆಯುವ ಮೂಳೆಗೆ ತಕ್ಕ ಮೇವು

ಮರಿ ಬೇಗ ದೊಡ್ಡದಾಗಲೆಂದು ಕಾಳು ಸುರಿಯುವುದರಿಂದ ಮೈ ಬೆಳೆಯುತ್ತದೆ, ಮೂಳೆಯ ಕೀಲುಗಳು ಕೆಡುತ್ತವೆ. ಅತಿ ವೇಗದ ಬೆಳವಣಿಗೆಯಲ್ಲಿ ಮೃದ್ವಸ್ಥಿ ಸರಿಯಾಗಿ ಮೂಳೆಯಾಗದೆ ಕೀಲಿನೊಳಗೆ ಚೂರುಗಳಾಗಿ ಉಳಿಯಬಹುದು. ಕಾಲಿನ ಬೆಳವಣಿಗೆಯ ಪದರಗಳು ಊದಿಕೊಂಡು ಮಂಡಿಯ ಮೇಲ್ಭಾಗ ಮತ್ತು ಗೊರಸಿನ ಮೇಲಿನ ಕೀಲು ದಪ್ಪವಾಗಿ ಕಾಣಬಹುದು. ಅಂಥ ಊತ ಕಂಡ ಕೂಡಲೇ ಕಾಳು ಇಳಿಸಿ ಪಶುವೈದ್ಯರನ್ನು ಕರೆಸಬೇಕು. ಪಕ್ಕೆಲುಬು ಕಣ್ಣಿಗೆ ಎದ್ದು ಕಾಣದೆ, ಕೈಯಾಡಿಸಿದರೆ ಸಿಗುವಂತಿದ್ದರೆ ಮರಿ ಹದವಾಗಿದೆ.

ನಮ್ಮ ಕಡೆಯ ಮೇವಿನ ಮುಖ್ಯ ತೊಂದರೆ ಕ್ಯಾಲ್ಸಿಯಂ ಕೊರತೆ. ಆಹಾರದಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಹೆಚ್ಚಿರಬೇಕು. ಬೆಳೆಯುವ ಮರಿಗೆ ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂಗೆ ಒಂದು ಪಾಲು ರಂಜಕ ಹಿತ. ಗೋಧಿ ಬೂಸಾದಲ್ಲಿ ಲೆಕ್ಕ ತಲೆಕೆಳಗು: ರಂಜಕವೇ ಕ್ಯಾಲ್ಸಿಯಂನ ಸುಮಾರು ಹತ್ತು ಪಟ್ಟು. ಇದಕ್ಕೆ ಜೊತೆಯಾಗಿ ನೇಪಿಯರ್ ಹುಲ್ಲನ್ನೇ ತಿಂಗಳುಗಟ್ಟಲೆ ಹಾಕಿದರೆ, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಇದ್ದ ಕ್ಯಾಲ್ಸಿಯಂ ಅನ್ನೂ ಹಿಡಿದಿಡುತ್ತದೆ. ಆಗ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯತೊಡಗಿ, ಮುಖದ ಮೂಳೆಗಳು ಊದಿ ಕಾಲು ಕುಂಟುತ್ತದೆ. ಡೈರಿಗೆಂದು ಬೆಳೆದ ನೇಪಿಯರ್ ಕೈಗೆ ಸುಲಭವಾಗಿ ಸಿಗುತ್ತದೆಂಬ ಕಾರಣಕ್ಕೆ ಅದನ್ನೇ ಮುಖ್ಯ ಮೇವು ಮಾಡಬೇಡಿ. ಒಣಹುಲ್ಲಿನ ಜೊತೆ ಕುದುರೆಮಸಾಲೆ (ಲೂಸರ್ನ್) ಸೊಪ್ಪನ್ನು ಸೇರಿಸಿದರೆ ಕ್ಯಾಲ್ಸಿಯಂ ಒದಗುತ್ತದೆ. ಓಟ್ಸ್, ಬಾರ್ಲಿ, ಬೇಯಿಸಿದ ಹುರುಳಿ ಮಿತವಾಗಿರಲಿ, ಖನಿಜ ಮಿಶ್ರಣ ಕುದುರೆಗೆಂದೇ ತಯಾರಾದದ್ದಾಗಿರಲಿ.

ಐದನೆಯ ಹೆಜ್ಜೆ: ವಯಸ್ಸಿಗೆ ತಕ್ಕ ಕೆಲಸ

ಮೊದಲ ವರ್ಷ ಮರಿಗೆ ಬೇಕಾದದ್ದು ತಾಯಿ, ಓರಗೆಯ ಮರಿಗಳು, ಓಡಲು ಬಯಲು. ತಾಯಿಹಾಲು ಬಿಡಿಸುವುದು ಸಾಮಾನ್ಯವಾಗಿ 4ರಿಂದ 6 ತಿಂಗಳಿಗೆ. ಈ ಅವಧಿಯಲ್ಲಿ ಮುಖಹಗ್ಗ ಹಾಕಿಸಿಕೊಳ್ಳುವುದು, ಜೊತೆಯಲ್ಲಿ ನಡೆಯುವುದು, ಗೊರಸು ಎತ್ತಿ ಕೊಡುವುದು ಇಷ್ಟನ್ನು ಕಲಿಸಿದರೆ ಸಾಕು. 1 ವರ್ಷ ಸಮೀಪಿಸಿದಂತೆ ಗಂಡುಮರಿಗಳನ್ನು ಹೆಣ್ಣುಗಳಿಂದ ಬೇರ್ಪಡಿಸಬೇಕು. ಹೆಣ್ಣು 12ರಿಂದ 18 ತಿಂಗಳಿಗೆ ಬೆದೆಗೆ ಬರುತ್ತದೆ. ಗರ್ಭ ನಿಲ್ಲಬಲ್ಲದು ಎಂಬ ಮಾತ್ರಕ್ಕೆ ಸುಮಾರು 11 ತಿಂಗಳ ಗರ್ಭವನ್ನು ಬೆಳೆಯುತ್ತಿರುವ ದೇಹ ಹೊರಬೇಕೆಂದಿಲ್ಲ. 3 ವರ್ಷಕ್ಕಿಂತ ಮೊದಲು ಹೆಣ್ಣನ್ನು ಗಂಡಿಗೆ ಕೂಡಿಸಬೇಡಿ.

1ರಿಂದ 2 ವರ್ಷದ ನಡುವೆ ಕೈಯಲ್ಲಿ ಹಿಡಿದು ನಡೆಸಿ, ಟ್ರ್ಯಾಕ್ಟರು, ನೀರಿನ ಹೊಂಡ, ಪಟಪಟಿಸುವ ಟಾರ್ಪಾಲು ಇವೆಲ್ಲವನ್ನೂ ತೋರಿಸಿ. ಹಗ್ಗದಲ್ಲಿ ಸಣ್ಣ ಸುತ್ತಿನಲ್ಲಿ ಗಂಟೆಗಟ್ಟಲೆ ತಿರುಗಿಸುವುದು ಕೀಲುಗಳಿಗೆ ಕೆಟ್ಟದ್ದು. 2 ವರ್ಷ ದಾಟಿದ ಮೇಲೆ ತಡಿಯ ಪರಿಚಯ, ಹಿಂದಿನಿಂದ ಎರಡು ಉದ್ದ ಹಗ್ಗಗಳಲ್ಲಿ ನಡೆಸುವುದು, ನಿಲ್ಲು, ನಡೆ, ತಿರುಗು ಎಂಬ ಮಾತುಗಳು ಆರಂಭವಾಗಲಿ.

3 ತುಂಬಿ ಹಲ್ಲಿನ ಪರೀಕ್ಷೆಯೂ ಆದ ಮೇಲೆ, ಹಗುರವಾದ ಸವಾರರು 15–20 ನಿಮಿಷ, ವಾರಕ್ಕೆ ಮೂರು ದಿನ, ಹೆಚ್ಚಾಗಿ ನೇರ ದಾರಿಯಲ್ಲಿ ನಡಿಗೆ ಮತ್ತು ಸ್ವಲ್ಪ ಟ್ರಾಟ್ (ನಡಿಗೆಗಿಂತ ಚುರುಕಾದ ಮಂದ ಓಟ) ಮಾಡಿಸಬಹುದು. ಕೆಲವು ತಿಂಗಳು ಹೀಗೆ ಕಲಿಸಿ, ಮತ್ತೆ ಕೆಲವು ತಿಂಗಳು ಬಯಲಿಗೆ ಬಿಟ್ಟರೆ ಕಲಿತದ್ದು ಮರೆಯುವುದಿಲ್ಲ. ಕುದುರೆಯ ನೆನಪು ಗಟ್ಟಿಯಾದದ್ದು. 4ಕ್ಕೆ ಕ್ಯಾಂಟರ್ (ಟ್ರಾಟ್‌ಗಿಂತ ವೇಗದ ಓಟ), ಏರಿಳಿತದ ದಾರಿ, ನೆಲಕ್ಕೆ ಹತ್ತಿರದ ಅಡ್ಡಗಂಬ. ಎತ್ತರದ ಜಿಗಿತ, ದೀರ್ಘ ಪ್ರಯಾಣ, ಭಾರದ ಸವಾರರು ಇವೆಲ್ಲ 6ರ ನಂತರ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿಗೆ ಲಿಪಿಜಾನರ್ ತಳಿಯ ಗಂಡುಗಳು ಬರುವುದೇ ಸುಮಾರು 4 ವರ್ಷಕ್ಕೆ, ಅವುಗಳ ಪೂರ್ಣ ತರಬೇತಿಗೆ ಮತ್ತೆ ಆರು ವರ್ಷದಷ್ಟು ಕಾಲ ಹಿಡಿಯುತ್ತದೆ. ಒಲಿಂಪಿಕ್ಸ್‌ನ ಅಶ್ವಸ್ಪರ್ಧೆಗಳಲ್ಲಿ 8 ವರ್ಷಕ್ಕಿಂತ ಕಿರಿಯ ಕುದುರೆಗಳಿಗೆ ಪ್ರವೇಶವೇ ಇಲ್ಲ. ಬೆಂಗಳೂರಿನ ಫವಾದ್ ಮಿರ್ಜಾ 2021ರಲ್ಲಿ ಟೋಕಿಯೊದಲ್ಲಿ ಸವಾರಿ ಮಾಡಿದ ಸೆನ್ಯೋರ್ ಮೆಡಿಕಾಟ್‌ಗೆ ಆಗ 15 ವರ್ಷ.

ಹಾಗಾದರೆ ರೇಸಿನ ಕುದುರೆಗಳು 2 ವರ್ಷಕ್ಕೇ ಓಡುತ್ತವಲ್ಲ ಎಂಬ ಪ್ರಶ್ನೆ ಏಳುತ್ತದೆ. ಅದರ ಹಿಂದೆ ಹಣದ ಲೆಕ್ಕ ಇರುವುದು ನಿಜ. ಆದರೆ ವಿಜ್ಞಾನವೂ ಪೂರ್ತಿ ಒಂದೇ ಕಡೆಗಿಲ್ಲ. ಕಾಲಿನ ಉದ್ದ ಬೆಳವಣಿಗೆ 2 ವರ್ಷಕ್ಕೆ ಬಹುತೇಕ ಮುಗಿದಿರುತ್ತದೆ, ಎಳೆಯ ಮೂಳೆ ವೇಗದ ಓಟಕ್ಕೆ ಹೊಂದಿಕೊಂಡು ಗಟ್ಟಿಯಾಗುತ್ತದೆ ಎಂದು ತೋರಿಸಿದ ಸಂಶೋಧಕರಿದ್ದಾರೆ. 2 ವರ್ಷಕ್ಕೆ ತರಬೇತಿ ಆರಂಭಿಸಿದವು ತಡವಾಗಿ ಆರಂಭಿಸಿದವುಗಳಿಗಿಂತ ಹೆಚ್ಚು ಕಾಲ ಓಡಿದ ದಾಖಲೆಗಳೂ ಇವೆ. ಇನ್ನೊಂದು ಕಡೆ, ತರಬೇತಿಯಲ್ಲಿರುವ 2 ವರ್ಷದವುಗಳಲ್ಲಿ ಮುಂಗಾಲಿನ ಕಾಲುಮೂಳೆಯ ಮುಂಭಾಗ ಊದಿ ನೋಯುವುದು ತೀರಾ ಸಾಮಾನ್ಯ. ನನಗೆ ಎರಡೂ ವಾದಗಳಿಂದ ಹೊರಡುವ ಪಾಠ ಒಂದೇ: ಎಳೆಯ ಕುದುರೆಗೆ ಓಟ ಬೇಕು, ಹೊರೆ ಬೇಡ. ಲಾಯದಲ್ಲಿಯೇ ಬೆಳೆದ ಮರಿಯ ಮೂಳೆ ಬಯಲಲ್ಲಿ ಬೆಳೆದ ಮರಿಯದಕ್ಕಿಂತ ದುರ್ಬಲವಾಗಿರುತ್ತದೆ. ಟಿಪ್ಪುವಿನ ಅಶ್ವದಳದ ಕಾಲದಿಂದ ಕುದುರೆ ಬೆಳೆಸಿಕೊಂಡು ಬಂದ ಕುಣಿಗಲ್‌ನಂಥ ಫಾರಂಗಳಿಗೆ ಅಷ್ಟು ವಿಶಾಲವಾದ ಬಯಲು ಬೇಕಾದದ್ದು ಇದಕ್ಕಾಗಿಯೇ. ಅಲ್ಲದೆ ರೇಸಿನ ಜಾಕಿಯ ತೂಕ, ಅವರು ಬೆನ್ನ ಮೇಲೆ ಕೂರದೆ ರಿಕಾಪಿನ ಮೇಲೆ ನಿಲ್ಲುವ ರೀತಿ, ಓಡುವ ಒಂದೆರಡು ನಿಮಿಷದ ಅವಧಿ ಇವಾವುವೂ ಭಾನುವಾರದ ಸವಾರರ ಒಂದು ಗಂಟೆಯ ಸವಾರಿಗೆ ಹೋಲಿಕೆಯಾಗುವುದಿಲ್ಲ.

ಆರನೆಯ ಹೆಜ್ಜೆ: ಮನಸ್ಸು ಬಲಿತಿದೆಯೇ ಎಂದು ಪರೀಕ್ಷಿಸಿ

ಮನಸ್ಸಿಗೆ ಎಕ್ಸ್-ರೇ ಇಲ್ಲ. 2–3 ವರ್ಷದ ಕುದುರೆಯ ಗಮನ ಬೇಗ ಚದುರುತ್ತದೆ. ನಿನ್ನೆ ಸರಿಯಾಗಿ ಮಾಡಿದ್ದನ್ನು ಇಂದು ಮಾಡುವುದಿಲ್ಲ. 4ರ ಸುಮಾರಿಗೆ ಹಲವು ಕುದುರೆಗಳು ಮಾತು ಕೇಳದೆ ಎದುರು ನಿಲ್ಲುವುದನ್ನು ಕಲಿಯುತ್ತವೆ, ಮತ್ತು ಹೊಸಬರು ಧೈರ್ಯಗೆಡುವುದು ಈ ಹಂತದಲ್ಲಿಯೇ. ಬೀಜ ತೆಗೆಸದ ಗಂಡಿನಲ್ಲಿ ಇದು ಇನ್ನೂ ಜೋರು. ಗುಂಪಿನಲ್ಲಿ ಬೆಳೆದ ಮರಿಗಳು ಒಂಟಿಯಾಗಿ ಲಾಯದಲ್ಲಿ ಬೆಳೆದವುಗಳಿಗಿಂತ ಸುಲಭವಾಗಿ ಕಲಿಯುತ್ತವೆ, ಯಾಕೆಂದರೆ ಎಲ್ಲೆ ಮೀರಿದರೆ ಏನಾಗುತ್ತದೆಂದು ಹಿರಿಯ ಕುದುರೆಗಳು ಅವಕ್ಕೆ ಮೊದಲೇ ಕಲಿಸಿರುತ್ತವೆ.

ಕೆಲವು ಸರಳ ಪರೀಕ್ಷೆಗಳನ್ನು ಆರು ತಿಂಗಳಿಗೊಮ್ಮೆ ಮಾಡಬಹುದು. ಜೊತೆಗಾರರನ್ನು ಬಿಟ್ಟು ಒಂಟಿಯಾಗಿ ಕರೆದೊಯ್ದಾಗ ಕೂಗಾಡದೆ ಬರುತ್ತದೆಯೇ? ಲಾಳ ಕಟ್ಟುವವರ ಕೈಯಲ್ಲಿ ನಾಲ್ಕೂ ಕಾಲನ್ನು ಕೊಟ್ಟು ನಿಲ್ಲುತ್ತದೆಯೇ? ಬೆದರಿದ ಮೇಲೆ ಎಷ್ಟು ಬೇಗ ತಲೆ ತಗ್ಗಿಸಿ ಉಸಿರು ಸಡಿಲಿಸುತ್ತದೆ? ಬೆದರುವುದು ಕುದುರೆಯ ಸ್ವಭಾವ, ಬಲಿತ ಕುದುರೆಯೂ ಬೆದರುತ್ತದೆ. ಬೇಗ ಚೇತರಿಸಿಕೊಳ್ಳುವುದೇ ನಾವು ನೋಡಬೇಕಾದ ಗುರುತು. ಒಮ್ಮೆ ಚೆನ್ನಾಗಿ ಕಲಿತ ಕುದುರೆ ಇದ್ದಕ್ಕಿದ್ದಂತೆ ಕೆಟ್ಟದಾಗಿ ವರ್ತಿಸಿದರೆ ಮನಸ್ಸನ್ನು ದೂರುವ ಮೊದಲು ಹಲ್ಲು, ಬೆನ್ನು, ತಡಿ, ಗೊರಸು ಇಷ್ಟನ್ನೂ ಪರೀಕ್ಷಿಸಿ.

ರೇಸಿನಿಂದ ನಿವೃತ್ತವಾದ 4–5 ವರ್ಷದ ಥರೋಬ್ರೆಡ್ ಕೊಂಡವರಿಗೆ ಇಷ್ಟು ಹೇಳಬೇಕು. ಅದಕ್ಕೆ ಜನ, ಗಲಾಟೆ, ವಾಹನ, ಲಾಳ ಎಲ್ಲ ರೂಢಿಯಾಗಿರುವುದರಿಂದ ಪಳಗಿದ ಕುದುರೆಯಂತೆ ಕಾಣುತ್ತದೆ. ಆದರೆ ಬಯಲಲ್ಲಿ ಇತರ ಕುದುರೆಗಳ ಜೊತೆ ಬದುಕುವುದು, ನಿಧಾನವಾಗಿ ನಡೆಯುವುದು, ಸವಾರರು ಹತ್ತುವಾಗ ಅಲ್ಲಾಡದೆ ನಿಲ್ಲುವುದು ಇವು ಅದಕ್ಕೆ ಹೊಸವು. ಬೆನ್ನು ಇನ್ನೂ ಬೆಳೆಯುತ್ತಿರುವ ವಯಸ್ಸಿನಲ್ಲೇ ಅದು ಕಷ್ಟದ ಕೆಲಸ ಮಾಡಿದೆ ಎಂಬುದನ್ನೂ ಮರೆಯಬಾರದು. ಕೊಂಡ ಮೇಲೆ ಮೂರರಿಂದ ಆರು ತಿಂಗಳು ಬಯಲಿಗೆ ಬಿಡಿ, ಕಾಳನ್ನು ಹಂತಹಂತವಾಗಿ ಇಳಿಸಿ ಹುಲ್ಲು ಹೆಚ್ಚಿಸಿ, ಬೆನ್ನು ಮತ್ತು ಕಾಲುಗಳನ್ನು ಪಶುವೈದ್ಯರಿಗೆ ತೋರಿಸಿ, ಮೈಕಟ್ಟು ಬದಲಾದ ಮೇಲೆ ತಡಿಯನ್ನು ಹೊಸದಾಗಿ ಅಳೆಸಿ, ಆಮೇಲೆ 3 ವರ್ಷದ ಕುದುರೆಗೆ ಹೇಳಿದ ಪಾಠದಿಂದಲೇ ಆರಂಭಿಸಿ.